ನೊರೆಯ ಹಿಂದಿನ ಲೆಕ್ಕ: ಕೊಳಚೆನೀರಿನ ಬ್ಯಾಕ್ಟೀರಿಯಾಗಳೂ ಗಣಕ ಮಾದರಿಯೂ

ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಹೊಸಕೋಟೆಯ ಬಯಲನ್ನು ಹಾಯ್ದು, ಕೊಡಿಯಾಳದ ಬಳಿ ಹೊಸೂರು ತಾಲ್ಲೂಕನ್ನು ಪ್ರವೇಶಿಸುವ ನದಿಯನ್ನು ಕನ್ನಡಿಗರು ದಕ್ಷಿಣ ಪಿನಾಕಿನಿ ಎಂದೂ ತಮಿಳರು ತೆನ್‌ಪೆಣ್ಣೈ ಎಂದೂ ಕರೆಯುತ್ತಾರೆ. ಹೆಸರು ಬೇರೆಯಾದರೂ ನೀರು ಒಂದೇ. ಬೆಂಗಳೂರಿನ ಪೂರ್ವ ಮತ್ತು ಆಗ್ನೇಯ ಭಾಗಗಳ ಬಚ್ಚಲುಗಳಿಂದ ಹೊರಟ ನೀರು ಬೆಳ್ಳಂದೂರು, ವರ್ತೂರು ಕೆರೆಗಳನ್ನು ತುಂಬಿ, ಅಲ್ಲಿಂದ ಕೋಡಿ ಹರಿದು ಇದೇ ನದಿಯನ್ನು ಸೇರುತ್ತದೆ. ಬೆಳ್ಳಂದೂರು ಕೆರೆಯ ಮೇಲೆ 2015ರಲ್ಲಿಯೂ 2017ರಲ್ಲಿಯೂ ಬೆಂಕಿ ಕಾಣಿಸಿಕೊಂಡದ್ದು ದೇಶವೆಲ್ಲ ಓದಿದ ಸುದ್ದಿ. ಆ ಕೆರೆಗಳ ಕೆಳಗಿನ ಸೀಮೆಯವರು ಕಾಣುವುದು ಬೆಂಕಿಯನ್ನಲ್ಲ, ನೊರೆಯನ್ನು. ಕೆಲವರಪಳ್ಳಿ ಅಣೆಕಟ್ಟಿನ ಬಾಗಿಲು ತೆರೆದಾಗ ಧುಮುಕುವ ನೀರಿನ ಮೇಲೆ ಬೆಳ್ಳನೆಯ ನೊರೆ ಗುಡ್ಡೆಗುಡ್ಡೆಯಾಗಿ ಏಳುವುದು ಹೊಸೂರಿನವರಿಗೆ ಹಲವು ವರ್ಷಗಳಿಂದ ಪರಿಚಿತ ನೋಟ. ಆ ನೀರು ಮುಂದೆ ಗದ್ದೆಗಳಿಗೂ ಹೋಗುತ್ತದೆ, ಕೃಷ್ಣಗಿರಿ ಅಣೆಕಟ್ಟಿಗೂ ಹೋಗುತ್ತದೆ.

ನೊರೆ ಎದ್ದಾಗಲೆಲ್ಲ ಮಾತೂ ಏಳುತ್ತದೆ. ಮೇಲಿನವರು ಶುದ್ಧೀಕರಣ ಘಟಕಗಳಿವೆ ಎನ್ನುತ್ತಾರೆ. ಕೆಳಗಿನವರು ಹಾಗಾದರೆ ಇದೇನು ಎನ್ನುತ್ತಾರೆ. ಎರಡು ಕಡೆಯ ವಾದವೂ ಕೊನೆಗೆ ಅಂಕಿಗಳ ಮೇಲೆ ನಿಲ್ಲುತ್ತದೆ. ಆ ಅಂಕಿಗಳು ಎಲ್ಲಿಂದ ಬರುತ್ತವೆ, ಘಟಕವೊಂದು ಏನನ್ನು ಮಾಡಬಲ್ಲದು, ಏನನ್ನು ಮಾಡಲಾರದು ಎಂಬುದನ್ನು ಮುಂಚಿತವಾಗಿ ಲೆಕ್ಕಹಾಕುವ ಸಾಧನವೇ ಶುದ್ಧೀಕರಣ ತೊಟ್ಟಿಯ ಬ್ಯಾಕ್ಟೀರಿಯಾಗಳ ಗಣಕ ಮಾದರಿ. ಇದು ಎಂಜಿನಿಯರುಗಳ ವಿಷಯ, ಕನ್ನಡ ಐಚ್ಛಿಕದವರಿಗೇಕೆ ಎಂದು ಕೇಳಬಹುದು. ಹನ್ನೆರಡನೆಯ ಶತಮಾನದ ರಾಜಾದಿತ್ಯ 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿ ಬರೆದಾಗ ಅಂಥ ಪ್ರಶ್ನೆ ಅವನನ್ನು ತಡೆಯಲಿಲ್ಲ. ನೀರಿನ ಲೆಕ್ಕವೂ ವ್ಯವಹಾರದ ಲೆಕ್ಕವೇ; ಅದನ್ನು ತನ್ನ ನುಡಿಯಲ್ಲಿ ಹೇಳಲಾರದ ಜನ ನದಿಯ ಕುರಿತ ಮಾತುಕತೆಯಲ್ಲಿ ಮೂಕರಾಗುತ್ತಾರೆ.

ನುಡಿಯಿಂದಲೇ ಆರಂಭಿಸಬಹುದು. ಬಳಸಿ ಬಿಟ್ಟ ನೀರಿಗೆ ಮರಾಠಿಯಲ್ಲಿ 'ಸಾಂಡಪಾಣಿ' ಎನ್ನುತ್ತಾರೆ, ಅಂದರೆ ಚೆಲ್ಲಿದ ನೀರು. ತಮಿಳಿನಲ್ಲಿ ಅದು 'ಕಳಿವುನೀರ್', ಕಳೆದುಹಾಕಿದ ನೀರು. ಎರಡರಲ್ಲಿಯೂ ಮನುಷ್ಯ ಏನು ಮಾಡಿದ ಎಂಬುದಕ್ಕೆ ಒತ್ತು. ಕನ್ನಡದ 'ಕೊಳಚೆ'ಗೆ 'ಕೊಳೆ'ಯ ನಂಟು. ಕೊಳೆ ಎಂಬುದು ನಾಮಪದವಾದಾಗ ಮಲಿನತೆ, ಕ್ರಿಯಾಪದವಾದಾಗ ಕೆಡುವುದು, ಕರಗುವುದು. ನೀರನ್ನು ಬಿಟ್ಟ ಮೇಲೆ ಅದರೊಳಗೆ ನಡೆಯುವ ಜೀವವ್ಯಾಪಾರವನ್ನು ಈ ಮಾತು ಹಿಡಿದಿಟ್ಟಿದೆ. ಕೊಳೆಯುವುದೆಂದರೆ ಬ್ಯಾಕ್ಟೀರಿಯಾಗಳು ಉಣ್ಣುವುದು. ಗಾಳಿಯಿಲ್ಲದೆ ಕೊಳೆತರೆ ನಾರುತ್ತದೆ. ಗಾಳಿಯೂಡಿಸಿ, ಹಿಡಿತದಲ್ಲಿಟ್ಟು ಕೊಳೆಸಿದರೆ ನೀರು ತಿಳಿಯಾಗುತ್ತದೆ. ಜೈವಿಕ ಶುದ್ಧೀಕರಣದ ಗುಟ್ಟು ಇಷ್ಟೇ.

ಈ ಗುಟ್ಟನ್ನು ಕ್ರಮಬದ್ಧವಾದ ವಿಧಾನವನ್ನಾಗಿ ಮಾಡಿದವರು ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್. ಅವರಿಗೆ ದಾರಿ ತೋರಿದವರು ಗಿಲ್ಬರ್ಟ್ ಫೌಲರ್. ಫೌಲರ್ 1912ರಲ್ಲಿ ಅಮೆರಿಕದ ಲಾರೆನ್ಸ್ ಪ್ರಯೋಗಕೇಂದ್ರದಲ್ಲಿ ಕೊಳಚೆನೀರಿಗೆ ಗಾಳಿಯೂದುವ ಪ್ರಯೋಗಗಳನ್ನು ನೋಡಿ ಬಂದಿದ್ದರು. ಆರ್ಡರ್ನ್ ಮತ್ತು ಲಾಕೆಟ್ ಶೀಷೆಯಲ್ಲಿ ಕೊಳಚೆನೀರನ್ನಿಟ್ಟು ಗಾಳಿಯೂದಿದಾಗ ಅದು ಪೂರ್ಣ ಶುದ್ಧವಾಗಲು ಮೊದಲ ಸಲ ಸುಮಾರು ಐದು ವಾರ ಹಿಡಿಯಿತು. ತಿಳಿನೀರನ್ನು ಬಗ್ಗಿಸಿ, ತಳದ ಕೆಸರನ್ನು ಚೆಲ್ಲದೆ ಉಳಿಸಿ, ಅದರ ಮೇಲೆ ಹೊಸ ಕೊಳಚೆಯನ್ನು ಸುರಿದು ಮತ್ತೆ ಗಾಳಿಯೂದಿದರು. ಪ್ರತಿ ಆವೃತ್ತಿಯಲ್ಲಿಯೂ ಅವಧಿ ಕುಗ್ಗಿತು. ಕೊನೆಗೆ ಒಂದು ದಿನದೊಳಗೆ ಕೆಲಸ ಮುಗಿಯತೊಡಗಿತು. ಮೊಸರು ಮಾಡುವ ಯಾವ ಮನೆಯವರಿಗೂ ಇದು ಅರ್ಥವಾಗುತ್ತದೆ: ನಿನ್ನೆಯ ಮೊಸರಿನಲ್ಲಿ ಒಂದಿಷ್ಟನ್ನು ಹೆಪ್ಪಿಗೆ ಉಳಿಸಿಕೊಂಡಂತೆ ಅವರು ಕೆಸರನ್ನು ಉಳಿಸಿಕೊಂಡರು. ಆ ಕೆಸರು ಹೊಲಸಲ್ಲ, ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳ ಹಿಂಡು. ಅದಕ್ಕೆ ಅವರು ಕೊಟ್ಟ ಇಂಗ್ಲಿಷ್ ಹೆಸರನ್ನು ಕನ್ನಡದಲ್ಲಿ 'ಸಕ್ರಿಯ ಕೆಸರು' ಎನ್ನಬಹುದು. 1914ರ ಏಪ್ರಿಲ್ 3ರಂದು ಅವರು ಈ ಪ್ರಬಂಧವನ್ನು ಮಂಡಿಸಿದರು.

ಮುಂದಿನ ಕಥೆ ಬೆಂಗಳೂರಿಗೆ ಬರುತ್ತದೆ. 1916ರಲ್ಲಿ ಫೌಲರ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಸಂಸ್ಥೆಗೆ, ಪ್ರಾಧ್ಯಾಪಕರಾಗಿ ಬಂದರು. ಅವರು ಹಾಕಿದ ಪರಂಪರೆಯಲ್ಲಿ ಅದೇ ಸಂಸ್ಥೆಯ ಎಸ್. ಸಿ. ಪಿಳ್ಳೈ ಮತ್ತು ವಿ. ಸುಬ್ರಹ್ಮಣ್ಯನ್ 1942 ಮತ್ತು 1944ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಸಕ್ರಿಯ ಕೆಸರಿನ ಬಗ್ಗೆ ಬರೆದರು. ಬ್ಯಾಕ್ಟೀರಿಯಾಗಳಷ್ಟೇ ಅಲ್ಲ, ಅವಕ್ಕಿಂತ ದೊಡ್ಡವಾದ ಪ್ರೋಟೋಜೋವಾ ಜೀವಿಗಳೂ ನೀರನ್ನು ತಿಳಿಗೊಳಿಸುವುದರಲ್ಲಿ ಮುಖ್ಯಪಾತ್ರ ವಹಿಸುತ್ತವೆ ಎಂಬುದು ಅವರ ವಾದ. ಸುಬ್ರಹ್ಮಣ್ಯನ್ ಮುಂದೆ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಮೊದಲ ನಿರ್ದೇಶಕರಾದರು. ಫೌಲರ್ ಬೆಂಗಳೂರಿನಲ್ಲಿ ಕೆಲಸಮಾಡುತ್ತಿದ್ದ ಕಾಲದಲ್ಲಿಯೇ, ಅದೇ ಊರಿನಲ್ಲಿ, ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆಯನ್ನು ನಡೆಸುತ್ತಿದ್ದರು ಎಂಬುದನ್ನೂ ಕನ್ನಡ ವಿದ್ಯಾರ್ಥಿಗಳು ನೆನಪಿಡಬೇಕು. ಸಕ್ರಿಯ ಕೆಸರಿನ ವಿಜ್ಞಾನವೂ ಕನ್ನಡದ ವಿಜ್ಞಾನ ಬರವಣಿಗೆಯೂ ಬೆಂಗಳೂರಿನಲ್ಲಿ ನೆರೆಹೊರೆಯವಾಗಿ ಬೆಳೆದವು. ಇಂದು ಅವೆರಡಕ್ಕೂ ಪರಸ್ಪರ ಪರಿಚಯವಿಲ್ಲದಂತಾಗಿರುವುದು ವಿಷಾದದ ಸಂಗತಿ.

ಸಕ್ರಿಯ ಕೆಸರಿನ ಘಟಕದಲ್ಲಿ ಎರಡು ತೊಟ್ಟಿಗಳು ಮುಖ್ಯ. ಮೊದಲನೆಯದರಲ್ಲಿ ಕೊಳಚೆನೀರೂ ಕೆಸರೂ ಬೆರೆತು ಕುದಿಯುವಂತೆ ಕಾಣುತ್ತವೆ. ತಳದಿಂದ ಯಂತ್ರ ಗಾಳಿಯೂದುತ್ತಿರುತ್ತದೆ. ಎರಡನೆಯದರಲ್ಲಿ ನೀರು ನಿಶ್ಚಲವಾಗಿರುತ್ತದೆ. ಕೆಸರು ತಳಕ್ಕಿಳಿಯುತ್ತದೆ, ತಿಳಿನೀರು ಅಂಚಿನಿಂದ ಹೊರಹೋಗುತ್ತದೆ. ಇಳಿದ ಕೆಸರಿನ ಬಹುಪಾಲು ಹೆಪ್ಪಾಗಿ ಮೊದಲ ತೊಟ್ಟಿಗೆ ಮರಳುತ್ತದೆ. ಬ್ಯಾಕ್ಟೀರಿಯಾಗಳು ದಿನವೂ ಹೆಚ್ಚುತ್ತಿರುವುದರಿಂದ ಒಂದು ಪಾಲನ್ನು ಮಾತ್ರ ದಿನವೂ ಹೊರಹಾಕಬೇಕು. ಎಷ್ಟನ್ನು ಹೊರಹಾಕಬೇಕು ಎಂಬುದೇ ಘಟಕ ನಡೆಸುವವನ ಮುಂದಿರುವ ದೊಡ್ಡ ಪ್ರಶ್ನೆ. ದಿನಕ್ಕೆ ಐದನೆಯ ಒಂದು ಪಾಲು ಹೊರಹೋದರೆ ಬ್ಯಾಕ್ಟೀರಿಯಾವೊಂದು ಸರಾಸರಿ ಐದು ದಿನ ತೊಟ್ಟಿಯಲ್ಲಿ ಉಳಿಯುತ್ತದೆ. ಇದನ್ನು ಕೆಸರಿನ ವಯಸ್ಸು ಎನ್ನುತ್ತಾರೆ. ಈ ಎರಡು ಪದಗಳನ್ನು ಓದುಗರು ಮರೆಯಬಾರದು; ಮುಂದಿನ ಲೆಕ್ಕವೆಲ್ಲ ಅದರ ಸುತ್ತ ತಿರುಗುತ್ತದೆ.

ತೊಟ್ಟಿಯೊಳಗಿನ ಜೀವಿಗಳನ್ನು ಒಂದೊಂದಾಗಿ ಎಣಿಸುವುದು ಆಗದ ಮಾತು. ಲಕ್ಷಾಂತರ ಜನ ಬಳಸುವ ಘಟಕವನ್ನು ಪ್ರಯೋಗಕ್ಕಾಗಿ ಕೆಡಿಸಿ ನೋಡುವಂತೆಯೂ ಇಲ್ಲ. ಆದ್ದರಿಂದ ತೊಟ್ಟಿಯ ಪ್ರತಿರೂಪವೊಂದನ್ನು ಸಮೀಕರಣಗಳಲ್ಲಿ ಕಟ್ಟಿ, ಗಣಕದಲ್ಲಿ ಓಡಿಸಿ, 'ಹೀಗೆ ಮಾಡಿದರೆ ಏನಾದೀತು' ಎಂದು ಕೇಳುತ್ತಾರೆ. ಈ ಪ್ರತಿರೂಪಕ್ಕೆ ಅಡಿಗಲ್ಲಾದ ಸೂತ್ರ ಫ್ರಾನ್ಸಿನ ಜಾಕ್ ಮೊನೋ ಅವರದು. ಎರಡನೆಯ ಮಹಾಯುದ್ಧದ ನಡುವೆ, 1942ರ ಪ್ರೌಢಪ್ರಬಂಧದಲ್ಲಿ, ಅವರು ಬ್ಯಾಕ್ಟೀರಿಯಾಗಳ ಬೆಳವಣಿಗೆಗೂ ಆಹಾರದ ಪ್ರಮಾಣಕ್ಕೂ ಇರುವ ಸಂಬಂಧವನ್ನು ಬರೆದಿಟ್ಟರು. ಮುಂದೆ 1965ರಲ್ಲಿ ಅವರಿಗೆ ನೊಬೆಲ್ ಬಂದದ್ದು ಬೇರೆ ಸಂಶೋಧನೆಗೆ.

ಮೊನೋ ಹೇಳಿದ್ದು ಮದುವೆಯೂಟದ ಪಂಕ್ತಿಯಲ್ಲಿ ಕಾಣುವ ಸಂಗತಿಯೇ. ಎಲೆಯ ಮೇಲೆ ಅನ್ನ ಕಡಿಮೆಯಿದ್ದಾಗ ಬಡಿಸಿದಷ್ಟೂ ಉಣ್ಣುವ ವೇಗ ಹೆಚ್ಚುತ್ತದೆ. ಒಂದು ಹಂತದ ಮೇಲೆ ಎಷ್ಟು ಬಡಿಸಿದರೂ ಕೈಬಾಯಿಗಳ ವೇಗ ಹೆಚ್ಚುವುದಿಲ್ಲ. ಹೀಗೆ ಪ್ರತಿಯೊಂದು ಬಗೆಯ ಬ್ಯಾಕ್ಟೀರಿಯಾಕ್ಕೂ ಎರಡು ಅಂಕಗಳಿವೆ. ಒಂದು ಅದರ ಗರಿಷ್ಠ ವೇಗ. ಇನ್ನೊಂದು, ಆ ಗರಿಷ್ಠದ ಅರ್ಧ ವೇಗಕ್ಕೆ ಬೇಕಾಗುವ ಆಹಾರದ ಪ್ರಮಾಣ. ಎರಡನೆಯದನ್ನು ಅರ್ಧತೃಪ್ತಿಯ ಅಂಕ ಎನ್ನಬಹುದು. ಇರುವ ಆಹಾರವನ್ನು, ಆಹಾರ ಮತ್ತು ಅರ್ಧತೃಪ್ತಿಯ ಅಂಕಗಳ ಮೊತ್ತದಿಂದ ಭಾಗಿಸಿ, ಬಂದುದನ್ನು ಗರಿಷ್ಠ ವೇಗದಿಂದ ಗುಣಿಸಬೇಕು. ಸೂತ್ರ ಮುಗಿಯಿತು. ಗರಿಷ್ಠ ವೇಗ ದಿನಕ್ಕೆ 6, ಅರ್ಧತೃಪ್ತಿಯ ಅಂಕ ಘನಮೀಟರಿಗೆ 20 ಗ್ರಾಂ ಇದ್ದರೆ, 20 ಗ್ರಾಂ ಆಹಾರಕ್ಕೆ ವೇಗ 3. 180 ಗ್ರಾಂಗೆ 5.4, ಆಹಾರವನ್ನು ಇಮ್ಮಡಿಸಿ 360 ಗ್ರಾಂ ಮಾಡಿದರೂ 5.7ರ ಆಸುಪಾಸು ಮಾತ್ರ. ಆಮ್ಲಜನಕಕ್ಕೂ ಇಂಥದೇ ಭಿನ್ನರಾಶಿಯೊಂದಿದೆ, ಎರಡನ್ನೂ ಗುಣಿಸುತ್ತಾರೆ. ಅನ್ನವಿದ್ದು ನೀರಿಲ್ಲದಿದ್ದರೆ ಊಟ ಸಾಗದಷ್ಟೆ.

ಈ ಸೂತ್ರವನ್ನು ಇಡೀ ತೊಟ್ಟಿಗೆ ವಿಸ್ತರಿಸಿದ ಗ್ರಂಥವೆಂದರೆ 1987ರಲ್ಲಿ ಅಂತರರಾಷ್ಟ್ರೀಯ ತಜ್ಞರ ತಂಡವೊಂದು ಪ್ರಕಟಿಸಿದ 'ಸಕ್ರಿಯ ಕೆಸರಿನ ಮಾದರಿ 1'. ಇಂದಿಗೂ ಜಗತ್ತಿನಾದ್ಯಂತ ಅದರ ಇಂಗ್ಲಿಷ್ ಹ್ರಸ್ವರೂಪವಾದ ಎಎಸ್‌ಎಂ 1 ಎಂಬ ಹೆಸರು ಬಳಕೆಯಲ್ಲಿದೆ. ಡೆನ್ಮಾರ್ಕಿನ ಮೋಗೆನ್ಸ್ ಹೆನ್ಸೆ ತಂಡದ ಮುಖ್ಯಸ್ಥರು. ಅಮೆರಿಕ, ಸ್ವಿಟ್ಜರ್ಲೆಂಡ್, ದಕ್ಷಿಣ ಆಫ್ರಿಕ, ಜಪಾನ್ ದೇಶಗಳವರು ಸದಸ್ಯರು. ಅವರು ಮಾಡಿದ್ದು ವೈಯಾಕರಣಿಯ ಕೆಲಸ. 'ಶಬ್ದಮಣಿದರ್ಪಣ'ವನ್ನು ಬರೆಯುವಾಗ ಕೇಶಿರಾಜ ಕನ್ನಡವನ್ನಾಡುವ ಪ್ರತಿಯೊಬ್ಬನ ಮಾತನ್ನೂ ದಾಖಲಿಸಲಿಲ್ಲ. ಸಂಧಿ, ನಾಮ, ಸಮಾಸ, ಆಖ್ಯಾತ ಎಂದು ವರ್ಗಗಳನ್ನು ಮಾಡಿ, ವರ್ಗಗಳ ನಡವಳಿಕೆಗೆ ಸೂತ್ರ ಬರೆದ. ಎಎಸ್‌ಎಂ 1ರಲ್ಲಿಯೂ ಬ್ಯಾಕ್ಟೀರಿಯಾಗಳ ಜಾತಿನಾಮಗಳಿಲ್ಲ. ಕೆಲಸವನ್ನು ನೋಡಿ ಎರಡೇ ವರ್ಗ: ಕೊಳೆಯನ್ನುಂಡು ಬದುಕುವ ಪರಪೋಷಿಗಳು, ಅಮೋನಿಯಾವನ್ನು ನೈಟ್ರೇಟಾಗಿ ಮಾರ್ಪಡಿಸಿ ಅದರಿಂದ ಶಕ್ತಿ ಪಡೆಯುವ ಸ್ವಪೋಷಿಗಳು. ಬೇಗ ಕರಗುವ ಆಹಾರ, ನಿಧಾನವಾಗಿ ಕರಗುವ ಆಹಾರ, ಎಂದಿಗೂ ಕರಗದ ಭಾಗ, ಆಮ್ಲಜನಕ, ಅಮೋನಿಯಾ, ನೈಟ್ರೇಟ್ ಮುಂತಾದವನ್ನು ಸೇರಿಸಿ ಒಟ್ಟು 13 ಘಟಕಾಂಶಗಳು. ಅವುಗಳ ನಡುವೆ 8 ಕ್ರಿಯೆಗಳು. ಎಲ್ಲವನ್ನೂ ಒಂದೇ ಪುಟದ ಕೋಷ್ಟಕದಲ್ಲಿ ಬರೆಯಬಹುದು.

ಆ ಕೋಷ್ಟಕದ ಸೊಗಸು ಅದರ ಪ್ರಾಮಾಣಿಕತೆಯಲ್ಲಿದೆ. ಅದು ಅಂಗಡಿಯ ಖಾತೆಪುಸ್ತಕದಂತೆ. ಒಂದು ಕಡೆ ಕಳೆದದ್ದು ಇನ್ನೊಂದು ಕಡೆ ಬಂದಿರಲೇಬೇಕು. ಪರಪೋಷಿಗಳು 100 ಗ್ರಾಂ ಕೊಳೆಯನ್ನುಂಡರೆ, ಮಾದರಿಯ ಲೆಕ್ಕದಂತೆ, 67 ಗ್ರಾಂ ಅವುಗಳ ಮೈಯಾಗುತ್ತದೆ, ಉಳಿದ 33 ಗ್ರಾಂ ಆಮ್ಲಜನಕದೊಡನೆ ಉರಿಯುತ್ತದೆ. ಕೊಳೆಯನ್ನು ಆಮ್ಲಜನಕದ ಬೇಡಿಕೆಯಲ್ಲಿ ಅಳೆಯುವುದರಿಂದ ಆ 33 ಗ್ರಾಂ ಕೊಳೆಗೆ 33 ಗ್ರಾಂ ಆಮ್ಲಜನಕವೇ ಬೇಕು. ಅಂದರೆ ಶುದ್ಧೀಕರಣದಲ್ಲಿ ಕೊಳೆಯ ಹೆಚ್ಚಿನ ಪಾಲು ಮಾಯವಾಗುವುದಿಲ್ಲ, ಕೆಸರಿನ ರೂಪಕ್ಕೆ ತಿರುಗುತ್ತದೆ. ಘಟಕ ಕಟ್ಟಿದವರು ಕೆಸರನ್ನು ಎಲ್ಲಿಗೆ ಸಾಗಿಸುತ್ತೇವೆ ಎಂದು ಹೇಳದಿದ್ದರೆ ಅವರ ಲೆಕ್ಕ ಅರ್ಧಕ್ಕೆ ನಿಂತಿದೆ ಎಂದೇ ತಿಳಿಯಬೇಕು.

ಈಗ ಒಂದು ಸಣ್ಣ ಲೆಕ್ಕವನ್ನು ಕೈಯಾರೆ ಮಾಡಬಹುದು. ಮಾದರಿ ಏಕೆ ಬೇಕು ಎಂಬುದು ಇದರಿಂದ ತಿಳಿಯುತ್ತದೆ. ಎಎಸ್‌ಎಂ 1 ಗ್ರಂಥ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಸೂಚಿಸಿರುವ ಮಾದರಿ ಅಂಕಗಳನ್ನೇ ತೆಗೆದುಕೊಳ್ಳೋಣ. ಪರಪೋಷಿಗಳ ಗರಿಷ್ಠ ವೇಗ ದಿನಕ್ಕೆ 6, ಸ್ವಪೋಷಿಗಳದು 0.8 ಮಾತ್ರ. ಮೊದಲಿನವು ಸಂತೆಯ ಗದ್ದಲದಂತೆ ಹೆಚ್ಚುತ್ತವೆ, ಎರಡನೆಯವು ತೆಂಗಿನಂತೆ ಬೆಳೆಯುತ್ತವೆ. ಸ್ವಪೋಷಿಗಳ ಸಾವಿನ ವೇಗ ದಿನಕ್ಕೆ 0.1 ಎಂದಿರಲಿ. ಕೆಸರಿನ ವಯಸ್ಸು ಐದು ದಿನವೆಂದರೆ ದಿನಕ್ಕೆ 0.2 ಪಾಲು ಹೊರಹೋಗುತ್ತದೆ. ಆದ್ದರಿಂದ ಸ್ವಪೋಷಿಗಳು ತೊಟ್ಟಿಯಲ್ಲಿ ಉಳಿಯಬೇಕಾದರೆ ಅವುಗಳ ಬೆಳವಣಿಗೆ ದಿನಕ್ಕೆ 0.3 ಇರಲೇಬೇಕು. ಅವುಗಳಿಗೆ ಆಮ್ಲಜನಕದ ಅರ್ಧತೃಪ್ತಿಯ ಅಂಕ ಲೀಟರಿಗೆ 0.4 ಮಿಲಿಗ್ರಾಂ, ಅಮೋನಿಯಾದ್ದು 1 ಮಿಲಿಗ್ರಾಂ.

ಗಾಳಿಯಂತ್ರ ಚೆನ್ನಾಗಿ ನಡೆದು ತೊಟ್ಟಿಯಲ್ಲಿ ಆಮ್ಲಜನಕ 2 ಮಿಲಿಗ್ರಾಂ ಇದ್ದಾಗ, ಹೊರಹೋಗುವ ನೀರಿನಲ್ಲಿ ಉಳಿಯುವ ಅಮೋನಿಯಾ ಸುಮಾರು 0.8 ಮಿಲಿಗ್ರಾಂ. ಉತ್ತಮ ಫಲಿತಾಂಶ. ಆಮ್ಲಜನಕ 0.4ಕ್ಕೆ ಇಳಿದರೆ ಅಮೋನಿಯಾ 3ಕ್ಕೆ ಏರುತ್ತದೆ. ಆಮ್ಲಜನಕ ಇನ್ನೂ ಅರ್ಧವಾಗಿ 0.2ಕ್ಕೆ ಇಳಿದರೆ? ಅಮೋನಿಯಾ ಆರಕ್ಕೋ ಏಳಕ್ಕೋ ಏರಬಹುದೆಂದು ಮನಸ್ಸು ಊಹಿಸುತ್ತದೆ. ಲೆಕ್ಕ ಹಾಗೆ ಹೇಳುವುದಿಲ್ಲ. ಅಮೋನಿಯಾ ಎಷ್ಟೇ ಇರಲಿ, ಆ ಸ್ಥಿತಿಯಲ್ಲಿ ಸ್ವಪೋಷಿಗಳ ಬೆಳವಣಿಗೆ 0.27ನ್ನು ಮೀರದು; ಬೇಕಾದದ್ದು 0.3. ಸ್ಥಿತಿ ಹಾಗೆಯೇ ಮುಂದುವರಿದರೆ ಅವು ದಿನದಿನವೂ ಕ್ಷೀಣಿಸಿ, ಕೊನೆಗೆ ತೊಟ್ಟಿಯಿಂದಲೇ ಕೊಚ್ಚಿಹೋಗುತ್ತವೆ. ಬಂದ ಅಮೋನಿಯಾದ ಬಹುಪಾಲು ಬಂದಂತೆಯೇ ಹೊರಹೋಗುತ್ತದೆ. ಇಳಿಜಾರಿನಂತೆ ಕಂಡದ್ದು ಕಡಿದಾದ ಬಂಡೆಯಂಚು. ಸಾಮಾನ್ಯ ಊಹೆಗೆ ನಿಲುಕದ ಇಂಥ ಅಂಚುಗಳನ್ನು ಮುಂಚೆಯೇ ತೋರಿಸುವುದರಲ್ಲಿ ಮಾದರಿಯ ಉಪಯೋಗವಿದೆ.

ಇದೇ ಹೊತ್ತಿನಲ್ಲಿ ಪರಪೋಷಿಗಳು ಏನು ಮಾಡುತ್ತಿರುತ್ತವೆ? ಅವುಗಳ ಲೆಕ್ಕ ಹಾಕಿದರೆ, ಆಮ್ಲಜನಕ 0.2ಕ್ಕೆ ಇಳಿದಾಗಲೂ ಕರಗಿದ ಆಹಾರ ಘನಮೀಟರಿಗೆ 7 ಅಥವಾ 8 ಗ್ರಾಂನಷ್ಟು ಮಾತ್ರ ಉಳಿಯುತ್ತದೆ. ಅಂದರೆ ಕೊಳೆ ಕರಗಿದೆ, ನೀರು ಕಣ್ಣಿಗೆ ತಿಳಿಯಾಗಿದೆ, ವಾಸನೆಯೂ ಇಲ್ಲ. ಆದರೆ ಅಮೋನಿಯಾ ಪೂರ್ತಿಯಾಗಿ ನದಿಗೆ ಹೋಗುತ್ತಿದೆ. ಒಂದು ಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟಾಗಲು 4.57 ಗ್ರಾಂ ಆಮ್ಲಜನಕ ಬೇಕು. ಘಟಕದ ಯಂತ್ರ ಕೊಡದ ಆ ಆಮ್ಲಜನಕವನ್ನು ನದಿ ಕೊಡಬೇಕಾಗುತ್ತದೆ, ಅಲ್ಲಿನ ಮೀನಿನ ಪಾಲಿನಿಂದ. ಘಟಕ ಕೆಲಸ ಮಾಡುತ್ತಿದೆ ಎಂಬ ಮೇಲಿನವರ ಮಾತೂ, ನದಿ ಕೆಟ್ಟಿದೆ ಎಂಬ ಕೆಳಗಿನವರ ಮಾತೂ ಏಕಕಾಲಕ್ಕೆ ನಿಜವಾಗಿರಲು ಸಾಧ್ಯವಿದೆ ಎಂಬುದು ಈ ಪುಟ್ಟ ಲೆಕ್ಕದಿಂದ ಹೊರಡುವ ದೊಡ್ಡ ಸಂಗತಿ. ಎಲ್ಲಿಯೂ ಹಾಗೆಯೇ ಆಗಿದೆ ಎಂದು ಮಾದರಿ ಹೇಳುವುದಿಲ್ಲ. ಯಾವುದನ್ನು ಅಳೆಯಬೇಕು ಎಂದು ಹೇಳುತ್ತದೆ. ಕೊಳೆಯ ಅಳತೆಯೊಂದನ್ನೇ ತೋರಿಸಿ ಘಟಕಕ್ಕೆ ಪ್ರಶಸ್ತಿಪತ್ರ ಕೊಡಲಾಗದು.

ಗಾಳಿಯೂದುವುದಕ್ಕೆ ವಿದ್ಯುತ್ ಬೇಕು. ಸಕ್ರಿಯ ಕೆಸರಿನ ಘಟಕದ ವಿದ್ಯುತ್ ಖರ್ಚಿನಲ್ಲಿ ಅದೇ ದೊಡ್ಡ ಪಾಲು. ವಿದ್ಯುತ್ ಕಡಿತವಾದಾಗ, ಯಂತ್ರ ಕೆಟ್ಟಾಗ, ಬಿಲ್ಲು ಉಳಿಸಲು ಯಂತ್ರವನ್ನು ಅಷ್ಟಿಷ್ಟು ನಿಲ್ಲಿಸಿದಾಗ ಮೊದಲು ಸೊರಗುವವು ಸ್ವಪೋಷಿಗಳೇ. ಕೆಟ್ಟದ್ದು ಒಂದು ರಾತ್ರಿಯಲ್ಲಾದರೂ ನಿಧಾನವಾಗಿ ಬೆಳೆಯುವ ಈ ಜೀವಿಗಳು ಮರಳಿ ತುಂಬಿಕೊಳ್ಳಲು ವಾರಗಳೇ ಬೇಕಾಗಬಹುದು. ಈ ಸೀಮೆಯ ಬಿಸಿಲು ಒಂದು ಬಗೆಯಲ್ಲಿ ಉಪಕಾರಿ. 10 ಡಿಗ್ರಿಯಲ್ಲಿ ಸ್ವಪೋಷಿಗಳ ಗರಿಷ್ಠ ವೇಗ 0.3ಕ್ಕೆ ಇಳಿಯುತ್ತದೆ, ಅಂಥ ಚಳಿಯ ತೊಂದರೆ ಯೂರೋಪಿನದು, ಹೊಸೂರಿನದಲ್ಲ. ಆದರೆ ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ: ಸಮುದ್ರಮಟ್ಟದಲ್ಲಿ 20 ಡಿಗ್ರಿಗೆ ಲೀಟರಿಗೆ ಸುಮಾರು 9.1 ಮಿಲಿಗ್ರಾಂ, 30 ಡಿಗ್ರಿಗೆ ಸುಮಾರು 7.6. ಒಂದು ಕೈಯಲ್ಲಿ ಕೊಟ್ಟದ್ದನ್ನು ಬಿಸಿಲು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುತ್ತದೆ.

ನೈಟ್ರೇಟಾದ ಮಾತ್ರಕ್ಕೆ ಸಾರಜನಕದ ಕಥೆ ಮುಗಿಯುವುದಿಲ್ಲ. ಗಾಳಿಯಿಲ್ಲದ ಇನ್ನೊಂದು ತೊಟ್ಟಿಗೆ ಆ ನೀರನ್ನು ಹಾಯಿಸಿದರೆ, ಪರಪೋಷಿಗಳಲ್ಲಿ ಕೆಲವು ಆಮ್ಲಜನಕದ ಬದಲು ನೈಟ್ರೇಟನ್ನೇ ಬಳಸಿ ಉಸಿರಾಡುತ್ತವೆ. ಸಾರಜನಕ ಅನಿಲವಾಗಿ ಆಕಾಶಕ್ಕೆ ಮರಳುತ್ತದೆ. ಎಎಸ್‌ಎಂ 1 ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ರಂಜಕವನ್ನು ಮಾತ್ರ ಅದು ಮುಟ್ಟುವುದಿಲ್ಲ. ಅದಕ್ಕಾಗಿ 1995ರಲ್ಲಿ ಎರಡನೆಯ ಮಾದರಿ ಬಂದಿತು. ಕೆರೆಗಳಲ್ಲಿ ಕಳೆ ಹಬ್ಬುವುದಕ್ಕೆ ಸಾರಜನಕವೂ ರಂಜಕವೂ ಗೊಬ್ಬರ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಏಪ್ರಿಲ್ 30ರ ಆದೇಶದಲ್ಲಿ ಶುದ್ಧೀಕರಿಸಿದ ನೀರಿನಲ್ಲಿ ಒಟ್ಟು ಸಾರಜನಕ ಲೀಟರಿಗೆ 10 ಮಿಲಿಗ್ರಾಂ, ರಂಜಕ 1 ಮಿಲಿಗ್ರಾಂ ಮೀರಬಾರದೆಂದು ವಿಧಿಸಿದ ಮೇಲೆ ಈ ಲೆಕ್ಕಗಳು ಗ್ರಂಥಸ್ಥ ವಿಷಯಗಳಾಗಿ ಉಳಿದಿಲ್ಲ.

ಹಾಗಾದರೆ ಕೆಲವರಪಳ್ಳಿಯ ನೊರೆ ಮಾದರಿಯ ಯಾವ ಸಾಲಿನಲ್ಲಿದೆ? ಯಾವ ಸಾಲಿನಲ್ಲಿಯೂ ಇಲ್ಲ. ಹದಿಮೂರು ಘಟಕಾಂಶಗಳಲ್ಲಿ ಸಾಬೂನು ಪುಡಿಯಿಲ್ಲ. ನೊರೆಗೆ ಮುಖ್ಯ ಕಾರಣ ಬಟ್ಟೆ, ಪಾತ್ರೆ ತೊಳೆಯುವ ಪುಡಿಗಳಲ್ಲಿರುವ ನೊರೆಕಾರಕಗಳು. ಅವು ಕೆಸರಿಗೆ ಅಂಟಿ ಕೆರೆಯ ತಳದಲ್ಲಿ ಸೇರಿಕೊಳ್ಳುತ್ತವೆ. ಮಳೆನೀರು ತಳವನ್ನು ಕದಡಿದಾಗ ಮೇಲೇಳುತ್ತವೆ. ಕೋಡಿಯಿಂದಲೋ ಅಣೆಕಟ್ಟಿನಿಂದಲೋ ಧುಮುಕುವಾಗ ಗಾಳಿ ಬೆರೆತು ನೊರೆಯಾಗುತ್ತವೆ. ತೊಟ್ಟಿಗಳಲ್ಲಿ ನೊರೆಯೆಬ್ಬಿಸುವ ಎಳೆಯಾಕಾರದ ಬ್ಯಾಕ್ಟೀರಿಯಾಗಳೂ ಇವೆ; ಅವು ಕೂಡ ಎಎಸ್‌ಎಂ 1ರ ಎರಡು ವರ್ಗಗಳಲ್ಲಿ ಪ್ರತ್ಯೇಕವಾಗಿ ಕಾಣುವುದಿಲ್ಲ. ಕೆಸರು ತಳಕ್ಕಿಳಿಯುವುದನ್ನು ಲೆಕ್ಕಹಾಕಲು ಬೇರೆ ಮಾದರಿಯನ್ನೇ ಜೋಡಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಮಾದರಿಯ ಗಡಿ ಘಟಕದ ಗೇಟು. ಘಟಕದೊಳಕ್ಕೆ ಬಾರದೆ ರಾಜಕಾಲುವೆಯಲ್ಲಿ ನೇರವಾಗಿ ಹರಿದುಹೋದ ಕೊಳಚೆ ಅದರ ಪಾಲಿಗೆ ಹುಟ್ಟಿಯೇ ಇಲ್ಲ. ವ್ಯಾಕರಣ ಬರೆದವನಿಗೆ ಕಿವಿಗೆ ಬೀಳದ ಉಪಭಾಷೆಯಿದ್ದಂತೆ. ಮಾದರಿಯ ಸೊಗಸಾದ ನಕ್ಷೆಯನ್ನು ತೋರಿಸಿ ನದಿ ಶುದ್ಧವಾಗಿದೆ ಎನ್ನುವವರ ತಪ್ಪು ಗಣಿತದ್ದಲ್ಲ, ಗಡಿಯದು.

ಇನ್ನೊಂದು ಎಚ್ಚರವೂ ಬೇಕು. ಗ್ರಂಥ ಕೊಡುವ ಅಂಕಗಳು ಬೇರೆ ದೇಶಗಳ ನೀರಿನ ಅನುಭವದಿಂದ ಬಂದವು. ಇಲ್ಲಿನ ಕೊಳಚೆಯಲ್ಲಿ ಬೇಗ ಕರಗುವ ಪಾಲೆಷ್ಟು, ನಿಧಾನದ್ದೆಷ್ಟು ಎಂಬುದನ್ನು ಇಲ್ಲಿಯೇ ಅಳೆಯಬೇಕು. ಬೆಳಗಿನ ಏಳು ಗಂಟೆಯ ನೀರೂ ನಡುರಾತ್ರಿಯ ನೀರೂ ಒಂದೇ ಅಲ್ಲವಾದ್ದರಿಂದ ಹಗಲಿರುಳೂ ಮಾದರಿ ತೆಗೆಯಬೇಕು. ಅಂಕಗಳನ್ನು ಅಲ್ಲಿಷ್ಟು ಇಲ್ಲಿಷ್ಟು ತಿದ್ದಿ ಲೆಕ್ಕವನ್ನು ಹಳೆಯ ಅಳತೆಗಳಿಗೆ ಹೊಂದಿಸುವುದು ಕಷ್ಟವಲ್ಲ. ಹಾಗೆ ಹೊಂದಿಸಿದ ಮಾದರಿ ಇನ್ನೂ ನೋಡದ ತಿಂಗಳೊಂದರ ಅಳತೆಗಳನ್ನು ಸರಿಯಾಗಿ ಹೇಳಿದರೆ ಮಾತ್ರ ಅದನ್ನು ನಂಬಬೇಕು. ಹೊಂದಿಸುವುದಕ್ಕೂ ಪರೀಕ್ಷಿಸುವುದಕ್ಕೂ ಒಂದೇ ಅಳತೆಗಳನ್ನು ಬಳಸುವುದು ಪ್ರಶ್ನೆಪತ್ರಿಕೆಯನ್ನು ಮೊದಲೇ ಓದಿ ಉತ್ತೀರ್ಣನಾದಂತೆ.

ವರ್ಗೀಕರಣ ತಾನೇ ಎಷ್ಟು ಗಟ್ಟಿ ಎಂಬ ಪ್ರಶ್ನೆಯೂ ಇದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ವಿನೋಗ್ರಾಡ್‌ಸ್ಕಿ ತೋರಿಸಿದಂತೆ ಅಮೋನಿಯಾದಿಂದ ನೈಟ್ರೈಟ್ ಮಾಡುವವು ಒಂದು ಗುಂಪು, ನೈಟ್ರೈಟಿನಿಂದ ನೈಟ್ರೇಟ್ ಮಾಡುವವು ಇನ್ನೊಂದು. ಎಎಸ್‌ಎಂ 1 ಸರಳತೆಗಾಗಿ ಎರಡನ್ನೂ ಒಂದೇ ವರ್ಗವಾಗಿ ಎಣಿಸಿತು. ಇದು ಅದರ ಕೊರತೆಯೆಂದು ಹಲವರು ಬರೆದರು. 2015ರಲ್ಲಿ ಎರಡೂ ಕೆಲಸವನ್ನು ಒಂಟಿಯಾಗಿ ಮಾಡುವ ನೈಟ್ರೋಸ್ಪೈರಾ ಬ್ಯಾಕ್ಟೀರಿಯಾಗಳು ಪತ್ತೆಯಾದವು. ಮಾದರಿಯ ಕೊರತೆ ಒಂದಿಷ್ಟು ಮಟ್ಟಿಗೆ ನಿಜವಾಗಿಬಿಟ್ಟಿತು! ಈಚೆಗೆ ಒಂದೊಂದು ಬ್ಯಾಕ್ಟೀರಿಯಾವನ್ನೂ ಪ್ರತ್ಯೇಕ ವ್ಯಕ್ತಿಯಂತೆ ಗಣಕದಲ್ಲಿ ಹುಟ್ಟಿಸಿ, ಉಣಿಸಿ, ಒಡೆದು ಎರಡಾಗಿಸುವ ಮಾದರಿಗಳೂ ಬಂದಿವೆ. ಅವು ಸಂಶೋಧಕರಿಗೆ ಪ್ರಿಯ. ಘಟಕ ನಡೆಸುವವರು ಈಗಲೂ ಹಳೆಯ ವರ್ಗಗಳನ್ನೇ ಹೆಚ್ಚಾಗಿ ನೆಚ್ಚುತ್ತಾರೆ.

ಘಟಕದ ಗೇಟಿನಾಚೆಯ ಲೆಕ್ಕಕ್ಕೆ ಇನ್ನೂ ಹಳೆಯ ಮಾದರಿಯೊಂದಿದೆ. 1925ರಲ್ಲಿ ಸ್ಟ್ರೀಟರ್ ಮತ್ತು ಫೆಲ್ಪ್ಸ್ ಅಮೆರಿಕದ ಒಹಾಯೋ ನದಿಯನ್ನು ಅಭ್ಯಸಿಸಿ, ಕೊಳಚೆ ಸೇರಿದ ಜಾಗದಿಂದ ಕೆಳಕ್ಕೆ ಹೋದಂತೆ ನೀರಿನ ಆಮ್ಲಜನಕ ಮೊದಲು ಕುಸಿದು, ಆಳದ ಬಿಂದುವೊಂದನ್ನು ಮುಟ್ಟಿ, ಮತ್ತೆ ಏರುವುದನ್ನು ಸೂತ್ರದಲ್ಲಿ ಹಿಡಿದರು. ಆ ಆಳದ ಬಿಂದು ಎಲ್ಲಿ ಬೀಳುತ್ತದೆ ಎಂಬುದು ಹರಿವಿನ ವೇಗ, ಉಷ್ಣತೆ, ಕೊಳೆಯ ಪ್ರಮಾಣಗಳನ್ನು ಅವಲಂಬಿಸಿದೆ. ಕೊಳಚೆ ಸೇರಿದ ಜಾಗಕ್ಕಿಂತ ಎಷ್ಟೋ ದೂರ ಕೆಳಗೆ ಬೀಳುವುದೇ ಸಾಮಾನ್ಯ. ವರ್ತೂರಿನ ಕೋಡಿಯಿಂದ ಕೆಲವರಪಳ್ಳಿಯವರೆಗಿನ ಪಿನಾಕಿನಿಯೂ ಒಂದು ಉದ್ದನೆಯ ತೊಟ್ಟಿಯೇ. ಅಲ್ಲಿಯೂ ಅದೇ ಪರಪೋಷಿಗಳು, ಅದೇ ಸ್ವಪೋಷಿಗಳು, ಅವೇ ಅರ್ಧತೃಪ್ತಿಯ ಅಂಕಗಳು. ಗಾಳಿಯೂದುವ ಯಂತ್ರ ಮಾತ್ರ ಇಲ್ಲ, ಕೆಸರನ್ನು ಹೊರಹಾಕುವವರೂ ಇಲ್ಲ. ಕೊಡಿಯಾಳದಲ್ಲೊಂದು, ಅಣೆಕಟ್ಟಿನ ಮೇಲೊಂದು, ಕೆಳಗೊಂದು, ಹೀಗೆ ಮೂರು ಕಡೆ ಒಂದೇ ದಿನ ಆಮ್ಲಜನಕ, ಅಮೋನಿಯಾ, ನೈಟ್ರೇಟ್, ರಂಜಕಗಳನ್ನು ಅಳೆದರೆ ಆ ತೊಟ್ಟಿಯ ಖಾತೆಪುಸ್ತಕದ ಮೊದಲ ಪುಟ ತೆರೆಯುತ್ತದೆ. ಅಳೆಯುವ ದಿನ ಅಣೆಕಟ್ಟಿನ ಬಾಗಿಲು ಮುಚ್ಚಿತ್ತೋ ತೆರೆದಿತ್ತೋ ಎಂಬುದನ್ನೂ ಅದರ ಅಂಚಿನಲ್ಲಿ ಬರೆದಿಡಬೇಕು.